ಈಗಲೇ ಕೊಳ್ಳಿ

ರೇಷ್ಮೆಹುಳು ಹಣ್ಣಾಗತೊಡಗಿದ ದಿನವೇ ಟ್ಯಾಬ್ಲೆಟ್ಟು ಚಂದನಳನ್ನು ನೀನು ಯಾರು ಎಂದು ಕೇಳಿತು. ಇಷ್ಟು ಒರಟಾಗಿಯೇನೂ ಕೇಳಲಿಲ್ಲ. ‘ಇದು ನೀವೇ ಎಂದು ಖಚಿತಪಡಿಸಿ’ ಎಂದಿತ್ತು. ಅದರ ಕೆಳಗೆ ಖಾಲಿ ಚೌಕಗಳ ಒಂದು ಸಾಲು, ಅದಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ, ನಿಮ್ಮ ಸಂಖ್ಯೆಗೆ ಓಟಿಪಿ ಕಳಿಸಲಾಗಿದೆ ಎಂಬ ಒಕ್ಕಣೆ. ಹಿಪ್ಪುನೇರಳೆ ಸೊಪ್ಪು ಗುಡ್ಡೆ ಹಾಕಿದ್ದ ಕೋಣೆಯ ಮೂಲೆಯಲ್ಲಿ, ಒದ್ದೆ ಗೋಣಿಯ ತಂಪಿಗೆ ಬೆನ್ನು ಕೊಟ್ಟು ಕೂತಿದ್ದ ಅವಳಿಗೆ ‘ನಿಮ್ಮ ಸಂಖ್ಯೆ’ ಎಂಬ ಮಾತು ಯಾರೋ ಬೇಕೆಂದೇ ಆಡಿದ ಚುಚ್ಚುಮಾತಿನಂತೆ ಕೇಳಿಸಿತು. ಆ ಸಂಖ್ಯೆ ಅವಳಿಗೆ ಬಾಯಿಪಾಠವಿತ್ತು. ಯಾರಾದರೂ ನಂಬರು ಕೇಳಿದರೆ ಇವತ್ತಿಗೂ ಮೊದಲು ನಾಲಗೆಗೆ ಬರುವುದು ಅದೇ. ಆದರೆ ಅದು ಈಗ ಗೌನಿಪಲ್ಲಿಯ ಒಂದು ಮನೆಯಲ್ಲಿ ಯಾರದೋ ಕೈಯಲ್ಲಿತ್ತು, ಅವಳ ಪುಸ್ತಕಗಳೆಲ್ಲ ಅದರ ಹಿಂದೆಯೇ ಹೋಗಿದ್ದವು, ಇಷ್ಟು ದಿನ ಈ ಒಡೆದ ಗಾಜಿನ ಟ್ಯಾಬ್ಲೆಟ್ಟಿನಲ್ಲಿ ಕಳ್ಳಿಯ ಹಾಗೆ ತನ್ನದನ್ನೇ ತಾನು ಕದ್ದು ಓದುತ್ತಿದ್ದದ್ದಕ್ಕೂ ಇವತ್ತು ಬಾಗಿಲು ಬಿದ್ದಿತ್ತು.

“ಲೇ ಪಾಪಾ, ಎಲ್ಲೋದ್ಯೇ? ಹುಳ ತಲೆ ಎತ್ತೈತೆ, ಬಾರೇ!” ಎಂದು ಹುಳುಮನೆಯಿಂದ ಅಪ್ಪ ಚನ್ನರಾಯಪ್ಪ ಕೂಗಿದ. ಬಂದೆ ಎಂದು ಅವಳು ಅಂದದ್ದು ಅವಳಿಗೇ ಕೇಳಿಸಲಿಲ್ಲ. ಅವಳ ಮಾತೇ ಹಾಗೆ, ಗಂಟಲಿನವರೆಗೆ ನೆಟ್ಟಗೆ ಬಂದು ಹಲ್ಲಿನ ಹಿಂದೆ ಕೂತುಬಿಡುತ್ತದೆ. ಸಂಬಂಧ ಮುರಿದು ಸಾಮಾನು ಹಿಂದಿರುಗಿಸಿದ ದಿನವೂ ಹಾಗೇ ಕೂತಿತ್ತು. ಅಂಗಳದಲ್ಲಿ ಚಾಪೆ ಹಾಕಿ, ನಡುವೆ ನಿಂತು ಸಂಬಂಧ ಕುದುರಿಸಿದ್ದ ಮುನಿಕೃಷ್ಣ ಮಾವ ತಟ್ಟೆಯಲ್ಲಿ ಒಂದೊಂದೇ ಇಟ್ಟು ಹೆಸರು ಹೇಳುತ್ತಿದ್ದ. ಉಂಗುರ. ಸೀರೆ. ಬೆಳ್ಳಿ ಕುಂಕುಮದ ಬಟ್ಟಲು. ಫೋನು, ಸಿಮ್ ಸಮೇತ. ನಿಶ್ಚಿತಾರ್ಥ ಮುರಿದರೆ ಆ ಕಡೆಯದು ಆ ಕಡೆಗೆ, ಈ ಕಡೆಯದು ಈ ಕಡೆಗೆ. ಅದರಲ್ಲಿ ಜಗಳವಿಲ್ಲ, ಮರ್ಯಾದಸ್ಥರ ಪದ್ಧತಿ. ಮದುವೆಯಾಗಬೇಕಿದ್ದ ಅಮರನಾಥ್ ಅದಕ್ಕೆ ಬಂದಿರಲಿಲ್ಲ. ಅವನ ಕಾರಣ ಮಾತ್ರ ಅವನಿಗಿಂತ ಮೊದಲೇ ಊರು ತಲುಪಿತ್ತು: ಹುಡುಗಿ ಒಳ್ಳೆಯವಳೇ, ಆದರೆ ಅವಳ ಜೊತೆ ಫೋನಿನಲ್ಲಿ ಮಾತಾಡುವುದೂ ಗೋಡೆಯ ಜೊತೆ ಮಾತಾಡುವುದೂ ಒಂದೇ. ಸುಳ್ಳೇನಲ್ಲ. ಅವನು ಮಾವಿನ ಮಂಡಿಯ ಸುದ್ದಿ, ಲಾರಿಯ ಸುದ್ದಿ ಹೇಳುತ್ತಿದ್ದ, ಅವಳು ಹ್ಞೂ ಅನ್ನುತ್ತಿದ್ದಳು, ಹ್ಞೂ ಅಂದಾದ ಮೇಲೆ ಇನ್ನೂ ಏನೋ ಹೇಳಬೇಕಿತ್ತಲ್ಲ ಎಂದು ಹೊಳೆಯುವ ಹೊತ್ತಿಗೆ ಅವನು ಇಟ್ಟುಬಿಟ್ಟಿರುತ್ತಿದ್ದ. “ನೋಡ್ಕೊಳ್ಳಮ್ಮ, ಅವ್ರದು ಇನ್ನೇನಾದ್ರೂ ಉಳ್ಕೊಂಡೈತಾ?” ಎಂದು ಮಾವ ಒಳಗೆ ತಿರುಗಿ ಕೇಳಿದಾಗ ಬಾಗಿಲ ಹಿಂದಿನಿಂದ ಅವಳು ಏನೂ ಇಲ್ಲ ಎಂದಳು. ನಿನ್ನದೇನಾದರೂ ಅವರ ಜೊತೆ ಹೋಗುತ್ತಿದೆಯಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಗೆ ಹೇಳುವುದು? ತಟ್ಟೆಯಲ್ಲಿಡಲು ಪುಸ್ತಕಗಳಿಗೆ ಮೈಯಿರಲಿಲ್ಲ. ಫೋನು ಅವನು ಕೊಡಿಸಿದ್ದು, ಫೋನಿನಲ್ಲೇ ಓದುವ ಪುಸ್ತಕಗಳ ಆನ್‌ಲೈನ್ ಅಂಗಡಿಯ ಖಾತೆಯನ್ನೂ ಅವನೇ ಆ ನಂಬರಿಗೆ ತೆರೆದುಕೊಟ್ಟಿದ್ದ, ಆದರೆ ಪುಸ್ತಕಗಳನ್ನು ಮಾತ್ರ ಅವಳು ಟ್ಯೂಷನ್ನಿನ ಮಕ್ಕಳು ತಂದುಕೊಟ್ಟ ತನ್ನ ಸ್ವಂತ ದುಡ್ಡಿನಲ್ಲಿ, ಒಂದೊಂದಕ್ಕೂ ವಾರಗಟ್ಟಲೆ ಹಿಂದುಮುಂದು ನೋಡಿ, ಕೊಂಡಿದ್ದಳು.

ಅಂಗಡಿಯಲ್ಲಿ ಪ್ರತಿ ಪುಸ್ತಕದ ಕೆಳಗೂ ಹಸಿರು ಬಣ್ಣದಲ್ಲಿ ‘ಈಗಲೇ ಕೊಳ್ಳಿ’ ಎಂದು ಬರೆದಿರುತ್ತಿತ್ತು. ಮೊದಲ ಸಲ ಅದನ್ನು ಒತ್ತುವಾಗ ಅಜ್ಜಿ ಬೈರಮ್ಮ ಪಕ್ಕದಲ್ಲಿದ್ದಳು. ಏನು ಓದ್ತಿದ್ದೀಯೆ ಗಟ್ಟಿಯಾಗಿ ಓದು ಎಂದಳು, ಇವಳು ಓದಿದಳು. “ಕೊಳ್ಳಿನಾ? ಬಿಟ್ತು ಅನ್ನು! ಬೆಳಗ್ಗೆ ಎದ್ದು ಯಾರ ಮನೆಗೇ ಕೊಳ್ಳಿ ಇಡ್ತಾ ಇದ್ದೀಯ?” ಎಂದು ಅಜ್ಜಿ ಗಾಬರಿಯಾಗಿ ಎದ್ದು ಕೂತದ್ದು ನೆನೆದರೆ ಇವತ್ತಿಗೂ ನಗು ಬರುತ್ತದೆ. ಅಜ್ಜಿಗೆ ಆ ಪದದಲ್ಲಿ ಒಲೆಯಿಂದ ಎಳೆದ ಉರಿಯುವ ಕಟ್ಟಿಗೆ ಮಾತ್ರ ಕಾಣುತ್ತಿತ್ತು. ಚಂದನಳಿಗೂ ಆಮೇಲಾಮೇಲೆ ಹಾಗೇ ಕಾಣತೊಡಗಿತು, ಆದರೆ ಅಜ್ಜಿ ಕಂಡ ಹಾಗಲ್ಲ. ಕತ್ತಲಿರುವ ಕಡೆ ಹಿಡಿದುಕೊಂಡು ಹೋಗುವ ಕೊಳ್ಳಿಯ ಹಾಗೆ. ಮನೆಯಲ್ಲಿ ಯಾರ ಕೈಗೂ ಸಿಗದೆ, ಯಾರೂ ಎತ್ತಿ ನೋಡಿ ‘ಏನಿದು’ ಎಂದು ಕೇಳದೆ, ಒಂದು ಇಡೀ ಕಪಾಟು ಅಂಗೈಯಲ್ಲಿರುವುದು ಅವಳಂಥವಳಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಓದುತ್ತ ಇಷ್ಟವಾದ ಸಾಲಿಗೆ ಹಳದಿ ಬಳಿಯುತ್ತಿದ್ದಳು. ಹಳದಿಯ ಪಕ್ಕ ಒಂದು ಪುಟ್ಟ ಚೀಟಿ ತೆರೆದುಕೊಳ್ಳುತ್ತಿತ್ತು, ಅದರಲ್ಲಿ ಬರೆಯುತ್ತಿದ್ದಳು. ಅಮರನಾಥನಿಗೆ ಹ್ಞೂ ಅಂದ ಮೇಲೆ ಹೇಳಬೇಕಿದ್ದದ್ದೆಲ್ಲ ಹೋಗಿ ಕೂತದ್ದು ಅಲ್ಲಿ.

ಫೋನು ಹಿಂದಿರುಗಿಸಿ ಎಷ್ಟೋ ದಿನಗಳಾದ ಮೇಲೆ ಒಂದು ಮಧ್ಯಾಹ್ನ, ಅದೇ ಖಾತೆ ಇನ್ನೂ ಉಳಿದಿದ್ದ ಟ್ಯಾಬ್ಲೆಟ್ಟು ತೆರೆದಾಗ ಓದುತ್ತಿದ್ದ ಪುಟ ಮುಂದೆ ಸರಿದಿತ್ತು. ತಾನೇ ಎಲ್ಲೋ ಕೈ ತಾಗಿಸಿರಬೇಕು ಎಂದುಕೊಂಡು ಹಿಂದಕ್ಕೆ ತಂದಳು. ಮಾರನೆಯ ದಿನ ಅದು ಮತ್ತೆ ಮುಂದಿತ್ತು. ನದಿ ದಾಟಿಸುವ ದೋಣಿಯ ಹೆಂಗಸೊಬ್ಬಳ ಕಾದಂಬರಿ ಅದು. ಹೊಳೆಯನ್ನೇ ಕಾಣದ ಈ ಸೀಮೆಯಲ್ಲಿ ಕೂತು ಅವಳು ಅದನ್ನು ಬಾಯಾರಿದವರ ಹಾಗೆ ಓದಿದ್ದಳು, ಮುಗಿಸಿ ಮತ್ತೆ ಶುರುಮಾಡಿದ್ದಳು. ಈಗ ಆ ಕಡೆ ಆ ಫೋನು ಹಿಡಿದು ಕೂತು ಇನ್ನೊಬ್ಬರು ಓದುತ್ತಿದ್ದಾರೆ, ಬಹಳ ನಿಧಾನವಾಗಿ, ದಿನಕ್ಕೆ ಒಂದೂವರೆ ಪುಟದ ಹಾಗೆ, ಅವಳ ಹಳದಿಗಳ ಮೇಲೆ ನಡೆದುಕೊಂಡು. ಗೊತ್ತಾದ ಕ್ಷಣ ಅವಳಿಗೆ ಮೈಮೇಲಿನ ಬಟ್ಟೆ ಯಾರೋ ಸರಿಸಿದ ಹಾಗೆ ಆಗಿ ಟ್ಯಾಬ್ಲೆಟ್ಟನ್ನು ಅಕ್ಕಿ ಡಬ್ಬದ ಹಿಂದೆ ಬೋರಲು ಹಾಕಿದಳು. ಓದುತ್ತಿರುವುದು ಅವನು; ಇನ್ಯಾರು? ಚೀಟಿಗಳನ್ನೂ ಓದಿರುತ್ತಾನೆ, ಮಂಡಿಯಲ್ಲಿ ಗೆಳೆಯರ ಮುಂದೆ ಓದಿ ಹೇಳಿರುತ್ತಾನೆ. ಅಳಿಸಿಬಿಡೋಣ ಎಂದು ತೆರೆದರೆ, ‘ಮಾತಾಡದೆ ಇರುವವರೆಲ್ಲ ಸುಮ್ಮನಿದ್ದಾರೆ ಎಂದಲ್ಲ’ ಎಂದು ಅವಳು ಬರೆದಿದ್ದ ಚೀಟಿಯ ಕೆಳಗೆ ಯಾರೋ ಒಂದೇ ಪದ ಬರೆದಿದ್ದರು. ‘ಅವುನು.’ ಹೌದು ಅನ್ನುವುದನ್ನು ಅಮರನಾಥನ ಮನೆಯಲ್ಲಿ ಹಾಗೆ ತೆಲುಗಿನಲ್ಲೇ ಅನ್ನುವುದು. ಕನ್ನಡ ಅಕ್ಷರ, ತೆಲುಗು ಮಾತು. ಅವಳು ಅದನ್ನೇ ನೋಡುತ್ತ ಕೂತಳು. ಗೇಲಿ ಅಂದುಕೊಂಡರೆ ಗೇಲಿಯಾಗಿ ಕಾಣುತ್ತಿತ್ತು. ಇನ್ನೊಂದು ಹಾಗೆ ನೋಡಿದರೆ ಅವಳು ಈವರೆಗೆ ಆಡಿದ ಯಾವ ಮಾತಿಗೂ ಯಾರೂ ಕೊಡದಿದ್ದ ಉತ್ತರ ಅದಾಗಿತ್ತು. ಅವತ್ತು ರೊಟ್ಟಿ ತಟ್ಟುವಾಗಲೂ, ಮಕ್ಕಳಿಗೆ ಭಾಗಾಕಾರ ಹೇಳುವಾಗಲೂ ಒಳಗೆ ಅವುನು ಅವುನು ಎಂದು ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು, ಮುರಿದುಹೋದ ಸಂಬಂಧದ ಹುಡುಗನ ಒಂದು ಪದಕ್ಕೆ ಹೀಗೆ ಹಿಗ್ಗುತ್ತೀಯಲ್ಲ ಎಂದು ತನ್ನ ಮೇಲೇ ಹೇಸಿಗೆಯೂ ಆಗುತ್ತಿತ್ತು.

ಆಮೇಲೆ ಒಂದು ದಿನ ಪುಸ್ತಕವೇ ಇರಲಿಲ್ಲ. ಕಪಾಟಿನಲ್ಲಿ ಅದರ ಜಾಗದಲ್ಲಿ ಬೂದಿ ಬಣ್ಣದ ಚೌಕ, ‘ಈ ಪುಸ್ತಕ ಈಗ ಲಭ್ಯವಿಲ್ಲ.’ ಒತ್ತಿ ನೋಡಿದರೆ, ಪ್ರಕಾಶಕರೊಡನೆ ನಮ್ಮ ಒಪ್ಪಂದ ಮುಗಿದಿದೆ, ನೀವು ಪಡೆದದ್ದು ಓದುವ ಅನುಮತಿ ಮಾತ್ರ ಎಂದು ಉದ್ದಕ್ಕೆ ಬರೆದಿತ್ತು. ಅನುಮತಿ! ಹಸಿರು ಗುಂಡಿಯ ಮೇಲೆ ಕೊಳ್ಳಿ ಎಂದಿತ್ತೇ ಹೊರತು ಅನುಮತಿ ಪಡೆಯಿರಿ ಎಂದಿರಲಿಲ್ಲವಲ್ಲ. ದೋಣಿಯ ಹೆಂಗಸು, ಹಳದಿಗಳು, ಚೀಟಿಗಳು, ಅವುಗಳ ಕೆಳಗಿನ ‘ಅವುನು’ ಎಲ್ಲ ಒಟ್ಟಿಗೇ ಹೋಗಿದ್ದವು. ಉಳಿದ ಪುಸ್ತಕಗಳಾದರೂ ಇವೆಯಲ್ಲ ಎಂದುಕೊಂಡು ವಾರ ಕಳೆಯುವುದರೊಳಗೆ ಈಗ ಈ ಖಾಲಿ ಚೌಕಗಳು.

ಹುಳುಮನೆಯಲ್ಲಿ ಅಮ್ಮ ಭಾರತಮ್ಮನೂ ಅಜ್ಜಿಯೂ ಆಗಲೇ ತಟ್ಟೆಗಳ ಮುಂದೆ ಕೂತಿದ್ದರು. ಹುಳು ಹಣ್ಣಾದ ದಿನ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಅದೊಂದು ಸುಖ. ಸೊಪ್ಪು ತಿನ್ನುವುದು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾದ ಹುಳುಗಳು ತಲೆ ಎತ್ತಿ ಗಾಳಿಯಲ್ಲಿ ಜಾಗ ಹುಡುಕುತ್ತವೆ. ಅಂಥವನ್ನು ನೋಡಿ ನೋಡಿ ಆರಿಸಿ, ಗೂಡು ಕಟ್ಟಲು ಬಿದಿರಿನ ಸುತ್ತುಗಳ ಚಂದ್ರಿಕೆಗೆ ಬಿಡಬೇಕು, ತಡವಾದರೆ ತಟ್ಟೆಯ ಮೇಲೇ ನೂಲು ಚೆಲ್ಲಿ ಹಾಳುಮಾಡಿಕೊಳ್ಳುತ್ತವೆ. ಚಂದ್ರಿಕೆಗಳು ಇವರವಲ್ಲ, ಪ್ರತಿ ಬೆಳೆಗೂ ಬಾಡಿಗೆಗೆ ತರುವುದು. ಯಾರ ಯಾರ ಮನೆಯ ಹುಳುಗಳೋ ಬಿಟ್ಟುಹೋದ ನೂಲಿನ ಚೂರು ಬಿದಿರಿಗೆ ಅಂಟಿಕೊಂಡೇ ಇರುತ್ತದೆ, ಹೊಸ ಹುಳು ಅದನ್ನು ಮೂಸಿ ನೋಡಿ ಅದರ ಪಕ್ಕದಲ್ಲೇ ತನ್ನದನ್ನು ಶುರುಮಾಡುತ್ತದೆ. ಚಂದನ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಅದರ ತಲೆ ಆಚೆ ಈಚೆ ಆಡುವುದನ್ನು ನೋಡಿದಳು. ತಾನು ಈಗ ಫೋನು ಮಾಡದಿದ್ದರೆ ಇನ್ನು ಯಾವತ್ತೂ ಮಾಡುವುದಿಲ್ಲ ಎಂದು ತಿಳಿದಿತ್ತು. ಏನೂ ಇಲ್ಲ ಎಂದು ಬಾಗಿಲ ಹಿಂದಿನಿಂದ ಹೇಳಿದವಳಾಗಿಯೇ ಉಳಿದುಬಿಡುತ್ತೇನೆ ಅನ್ನಿಸಿತು. ಹುಳುವನ್ನು ಚಂದ್ರಿಕೆಗೆ ಬಿಟ್ಟು, ಕೈ ಒರೆಸಿಕೊಂಡು, ಎದ್ದಳು.

“ಎಲ್ಲಿಗೇ ಮತ್ತೆ?” ಎಂದಳು ಅಮ್ಮ.

“ಬರ್ತೀನಿ ಇರಮ್ಮ.”

ಸೊಪ್ಪಿನ ಕೋಣೆಯ ಹೊಸ್ತಿಲಲ್ಲಿ ನಿಂತು, ಹೊಸ ಸಿಮ್ಮಿನ ಫೋನಿನಿಂದ ತನ್ನ ಹಳೆಯ ನಂಬರಿಗೆ ತಾನೇ ಫೋನು ಮಾಡಿದಳು. ಅದು ಎಷ್ಟು ವಿಚಿತ್ರವಾಗಿತ್ತೆಂದರೆ, ಆ ಕಡೆ ರಿಂಗಾಗುವಷ್ಟು ಹೊತ್ತೂ, ಎತ್ತಿಕೊಳ್ಳುವುದು ತಾನೇ ಏನೋ, ಎತ್ತಿ ಹ್ಞೂ ಅಂದು ಸುಮ್ಮನಾಗುತ್ತೇನೇನೋ ಎಂದು ಭಯವಾಯಿತು.

“ಹಲೋ, ಎವರು?” ಯಾರು ಎಂದು ತೆಲುಗಿನಲ್ಲಿ ಕೇಳಿದ ಹೆಂಗಸಿನ ದನಿ. ಚಂದನಳ ಮಾತು ಹಲ್ಲಿನ ಹಿಂದೆ ಕೂತಿತು. “ಎವರಮ್ಮಾ? ಮಾತಾಡು. ಕೈಯೆಲ್ಲ ಮೆಣಸಿನ್ಪುಡಿ ನಂಗೆ, ಕಿವಿಗಿಟ್ಕೊಂಡು ನಿಂತಿರಕ್ಕಾಗಲ್ಲ.”

“ನಾನು... ಹೋಳೂರಿನ ಚಂದನ.”

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. ಅದು ಅಮರನಾಥನ ತಾಯಿ ವೆಂಕಟರತ್ನಮ್ಮ. ನಿಶ್ಚಿತಾರ್ಥದ ದಿನ ಇವಳ ಗಲ್ಲ ಹಿಡಿದು, ಮೂಗುತಿ ಎಷ್ಟು ಚೆನ್ನಾಗೈತೆ ಎಂದಿದ್ದವರು. ಅವರನ್ನು ಅತ್ತೆ ಎನ್ನುವುದಕ್ಕೆ ಎಲ್ಲರೂ ಸೇರಿ ಕಲಿಸಿದ್ದರು, ಈಗ ಏನೆನ್ನಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ಅಮರ ಇಲ್ಲಮ್ಮ,” ಎಂದರು ಮೆಲ್ಲಗೆ. “ಮಂಡಿಗೆ ಹೋಗವ್ನೆ, ಶ್ರೀನಿವಾಸಪುರಕ್ಕೆ.”

“ಅವ್ರು ಬೇಡ.” ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಬಂದದ್ದೇ ಅದರ ಹಿಂದೆ ಇನ್ನೊಂದೂ ಬಂತು. “ಆ ಫೋನಲ್ಲಿ ಪುಸ್ತಕ ಇದಾವೆ. ಅವು ನಂದು. ನಾನು ದುಡ್ಡು ಕೊಟ್ಟು ತಗೊಂಡಿದ್ದು. ಅವು ನಂಗೆ ಬೇಕು.”

“ನಿಂದೇ ಕಣಮ್ಮ,” ಎಂದ ವೆಂಕಟರತ್ನಮ್ಮನ ದನಿ ಸಿಕ್ಕಿಬಿದ್ದವರ ದನಿಯಾಗಿತ್ತು. “ನಿನ್ನ ಹೆಸ್ರೇ ಐತಲ್ಲ ಮೇಲೆ. ನಾನು ಸುಮ್ನೆ ನೋಡ್ತಿದ್ದೆ. ಏನೂ ಕೆಡಿಸಿಲ್ಲ. ಆ ದೋಣಿ ಕತೆ ಒಂದು... ಅದು ಎಲ್ಲೋಯ್ತೋ ನಂಗೊತ್ತಿಲ್ಲ ತಲ್ಲೀ, ಆಣೆಗೂ. ಒಂದಿನ ನೋಡ್ತೀನಿ, ಇಲ್ಲ! ನಾನೇ ಎಲ್ಲೋ ಒತ್ಬಿಟ್ನಾ ಅಂತ ಎದೆ ಧಸಕ್ಕಂತು. ಅಮರನ್ನ ಕೇಳಣ ಅಂದ್ರೆ, ಆ ಹುಡ್ಗಿ ಪುಸ್ತಕ ನೀನ್ಯಾಕೆ ತೆಗ್ದೆ ಅಂತಾನೆ.”

ಚಂದನ ಬಾಗಿಲ ಚೌಕಟ್ಟಿಗೆ ಒರಗಿದಳು. ಮನಸ್ಸಿನೊಳಗೆ ಎಲ್ಲೋ ಒಂದು ಸಣ್ಣ ಆಸೆ ಬಿದ್ದು ಉರುಳಿತು, ಅದು ಬಿದ್ದ ಸದ್ದಿಗೆ ಅವಳಿಗೆ ನಾಚಿಕೆಯಾಯಿತು. ಅವನಲ್ಲ. ಅವನು ಒಂದು ಸಾಲೂ ಓದಿಲ್ಲ. ಇಷ್ಟು ದಿನ ತಾನು ಉತ್ತರ ಹೇಳಿಕೊಂಡದ್ದು, ಜಗಳವಾಡಿದ್ದು, ಕ್ಷಮಿಸಿದ್ದು ಎಲ್ಲ ಅಲ್ಲಿರದ ಒಬ್ಬನ ಜೊತೆ. ಅದು ಉರುಳಿ ನಿಂತ ಮೇಲೆ ಮಾತ್ರ ಉಳಿದ ಜಾಗ ಎಷ್ಟು ಅಗಲವಾಗಿದೆ ಎಂದು ಕಂಡಿತು.

“ನೀವಾ ಓದ್ತಿದ್ದಿದ್ದು?”

“ಇನ್ಯಾರು? ಅವ್ನು ಓದ್ತಾನಾ? ಮಾವಿನಕಾಯಿ ರೇಟು ಬಿಟ್ರೆ ಅವ್ನು ಓದಿರೋದು ಮದುವೆ ಕಾರ್ಡು ಒಂದೇ. ನಾನು ಕಲ್ತಿದ್ದು ಗಡಿ ಆಚೆ, ತೆಲುಗು ಇಸ್ಕೂಲು. ಇಲ್ಲಿಗೆ ಬಂದ್ಮೇಲೆ ಬಸ್ಸಿನ ಬೋರ್ಡು ನೋಡ್ಕೊಂಡು ನೋಡ್ಕೊಂಡು ಕನ್ನಡ ಕೂಡ್ಸಿದ್ದು. ಅಕ್ಷರದ ತಲೆಕಟ್ಟು ಬೇರೆ, ಮೈಯೆಲ್ಲ ಒಂದೇ ಅಲ್ವಾ? ನೀನು ಹಳದಿ ಬಳ್ದಿರೋ ಕಡೆ ನಿಂತ್ಕೊಂಡು ಎರಡೆರಡು ಸಲ ಓದ್ತಿದ್ದೆ. ಮನೇಗೆ ಸೊಸೆ ಬರ್ಲಿಲ್ಲ, ಸೊಸೆ ಹಾಕಿದ ಗೀಟು ಬಂತು ಅನ್ಕೊಂಡೆ.” ನಕ್ಕರು, ನಕ್ಕದ್ದು ತಪ್ಪಾಯಿತೇನೋ ಎಂದು ನಿಲ್ಲಿಸಿದರು. “ಒಂದಿನ ಬೆರಳು ತಾಕಿ ಡಬ್ಬಿ ತೆರ್ಕೊಂತು. ಬರಿ ಅಂತೈತೆ. ನಾನೇನು ಬರೀಲಿ? ಅವುನು ಅಂತ ಬರ್ದೆ.”

“ನೋಡಿದೆ.”

“ಬೇಜಾರಾಯ್ತಾ?”

“ಇಲ್ಲ,” ಎಂದಳು ಚಂದನ. ಇಲ್ಲ ಎಂದರೆ ಸಾಲದು ಅನ್ನಿಸಿತು. “ದಿನಾ ತೆಗ್ದು ನೋಡ್ತಿದ್ದೆ. ಪುಸ್ತಕ ನೀವು ಕೆಡಿಸ್ಲಿಲ್ಲ. ಅಂಗಡಿಯೋರೇ ವಾಪಸ್ ತಗೊಂಡ್ರು.”

“ದುಡ್ಡು ಕೊಟ್ಟಿರ್ಲಿಲ್ವಾ?”

“ಕೊಟ್ಟಿದ್ದೆ.”

“ಮತ್ತೆ? ಕೊಂಡಿದ್ದು ಅಲ್ವಾ ಅದು?”

“ಓದಕ್ಕೆ ಮಾತ್ರ ಕೊಟ್ಟಿದ್ವಿ ಅಂತಾರೆ.”

ವೆಂಕಟರತ್ನಮ್ಮನಿಗೆ ಲೆಕ್ಕ ಸಿಕ್ಕಿತು. “ಹಂಗಾದ್ರೆ ನಮ್ಮ ಮಾವಿನ ತೋಪಿನ ಕತೆ ಬಿಡು. ಫಸಲು ವ್ಯಾಪಾರಿಗೆ ಕೊಟ್ಮೇಲೆ ನಮ್ಮ ಮರದಾಗಿನ ಕಾಯಿ ನಮ್ಮನೆ ಉಪ್ಪಿನಕಾಯಿಗೆ ಬೇಕಂದ್ರೂ ಅವನ ಕಾವಲೋನ್ನ ಕೇಳ್ಬೇಕು. ನಿನ್ನೆ ಹೋದ್ರೆ ‘ಯಾರಮ್ಮ ನೀನು’ ಅಂತಾನೆ ನನ್ನೇ! ನಾನು ನೆಟ್ಟ ಮರ ಕಣೋ ಅಂದ್ರೆ, ಇರ್ಬೋದು, ಓನರ್ಗೆ ಫೋನ್ ಮಾಡ್ತೀನಿ ಇರು ಅಂದ.”

ಚಂದನ ನಕ್ಕಳು. ಬಹಳ ದಿನದ ಮೇಲೆ ಬಂದ ನಗೆ ಮೊದಲು ಕೆಮ್ಮಿನ ಹಾಗೆ ಹೊರಟು ಆಮೇಲೆ ದಾರಿ ಕಂಡುಕೊಂಡಿತು. ಟ್ಯಾಬ್ಲೆಟ್ಟಿನಲ್ಲಿ ‘ಓಟಿಪಿ ಮತ್ತೆ ಕಳಿಸಿ’ ಎಂಬುದನ್ನು ಒತ್ತಿದಳು. “ಈಗೊಂದು ಮೆಸೇಜ್ ಬಂದಿರುತ್ತೆ ನೋಡಿ, ಅದ್ರಲ್ಲಿರೋ ನಂಬರ್ ಹೇಳ್ಬೇಕು.”

“ಐತೆ ಐತೆ. ಯಾರ್ಗೂ ಹೇಳ್ಬೇಡಿ ಅಂತ ಬರ್ದವ್ರಲ್ಲಮ್ಮ. ನಿಂಗೆ ಹೇಳ್ಬೋದಾ?”

“ನಂಗೇ ಹೇಳ್ಬೇಕು.”

“ಸರಿ, ಬರ್ಕೊ. ನಾಲುಗು... ನಾಲ್ಕು. ಎನಿಮಿದಿ, ಅದೇ ಎಂಟು...” ಎಂದು ಅವರು ತೆಲುಗಿನಿಂದ ಕನ್ನಡಕ್ಕೆ ಒಂದೊಂದೇ ಅಂಕಿಯನ್ನು ಕೈಹಿಡಿದು ದಾಟಿಸಿದರು. ಚೌಕಗಳು ತುಂಬಿದವು. ಕಪಾಟು ತೆರೆಯಿತು. ಎಲ್ಲ ಇದ್ದವು, ಬೂದಿ ಬಣ್ಣದ ಒಂದನ್ನು ಬಿಟ್ಟು. ಅವಳು ಖಾತೆಯೊಳಗೆ ಹೋಗಿ ಹಳೆಯ ಸಂಖ್ಯೆಯ ಜಾಗದಲ್ಲಿ ತನ್ನ ಹೊಸ ಸಿಮ್ಮಿನದನ್ನು ಬರೆದಳು. ‘ಹಳೆಯ ಫೋನಿನಿಂದ ನಿಮ್ಮ ಪುಸ್ತಕಗಳನ್ನು ತೆಗೆಯಬೇಕೇ?’ ಎಂದು ಅದು ಕೇಳಿತು. ಕೇಳಿದ್ದಕ್ಕೆ ಉತ್ತರ ಕೊಡುವುದು ಇಷ್ಟು ಸುಲಭವೇ ಎಂದು ಆಶ್ಚರ್ಯಪಡುತ್ತ, ಬೇಡ ಎಂದು ಒತ್ತಿದಳು.

“ನೀವು ಓದ್ಕೊಳ್ಳಿ. ಅದು ಯಾವಾಗ್ಲಾದ್ರೂ ನೀವು ಯಾರು ಅಂತ ಕೇಳಿದ್ರೆ ನಂಗೆ ಫೋನ್ ಮಾಡಿ. ನಂಬರ್ ಇನ್ಮೇಲೆ ನಂಗೆ ಬರುತ್ತೆ.”

“ಮಾಡ್ತೀನಮ್ಮ.” ಇಡಬಹುದಿತ್ತು, ಇಡಲಿಲ್ಲ. “ಅಲ್ಲಾ, ಆ ದೋಣಿಯೋಳು ಏನಾದ್ಳು? ಸೇತುವೆ ಕಟ್ಬಿಟ್ರು, ಯಾರೂ ದೋಣಿಗೆ ಬರಲ್ಲ. ಒಂದಿನ ಒಬ್ಬ ಮುದುಕ ಬಂದು ಕೂತ್ಕೊಂಡ, ಎಲ್ಲಿಗೆ ಅಂದ್ರೆ ಮಾತಾಡಲ್ಲ. ಅಲ್ಲಿಗೆ ನಿಂತೋಯ್ತು ನಂಗೆ. ದಿನಾ ಅಡಿಗೆ ಮಾಡ್ತಾ ಅದೇ ಯೋಚ್ನೆ.”

“ಪಾಪಾ!” ಅಪ್ಪನ ಕೂಗು ಈ ಸಲ ಬೈಗುಳದ ಅಂಚಿನಲ್ಲಿತ್ತು. “ತಟ್ಟೆ ಮೇಲೇ ನೂಲು ಬಿಡ್ತಾ ಅವೆ!”

“ಇಡ್ಬೇಡಿ,” ಎಂದಳು ಚಂದನ ಫೋನಿಗೆ. “ನಮ್ಮನೇಲಿ ಹುಳ ಹಣ್ಣಾಗಿದೆ. ಆರಿಸ್ತಾ ಹೇಳ್ತೀನಿ.” ಹುಳುಮನೆಗೆ ಹೋಗಿ ಸ್ಪೀಕರ್ ಹಾಕಿ ಫೋನನ್ನು ತಟ್ಟೆಗಳ ನಡುವೆ ಒಂದು ಖಾಲಿ ಜಾಗದಲ್ಲಿಟ್ಟಳು. ಕೂತು ಹುಳು ಆರಿಸತೊಡಗಿದಳು. ಪುಸ್ತಕ ಎದುರಿಗಿರಲಿಲ್ಲ, ಹಳದಿ ಬಳಿದ ಒಂದು ಸಾಲೂ ಇದ್ದ ಹಾಗೆ ನೆನಪಿಗೆ ಬರಲಿಲ್ಲ. ಬಂದದ್ದು ನೀರು. ಅದರ ಬಣ್ಣ, ಹುಟ್ಟು ಹಾಕುವಾಗಿನ ಸದ್ದು, ಮುದುಕನ ಮೊಣಕಾಲ ಮೇಲಿದ್ದ ಚೀಲ. “ಅವ್ಳೂ ಏನೂ ಕೇಳ್ಲಿಲ್ಲ,” ಎಂದು ಶುರುಮಾಡಿದಳು. “ಮಾತಾಡದೋರು ಒಬ್ರು, ಕೇಳದೋರು ಒಬ್ರು. ದೋಣಿ ಬಿಟ್ಳು.”

“ಯಾರ್ಗೇ ಹೇಳ್ತಾ ಇರೋದು?” ಎಂದಳು ಅಜ್ಜಿ.

“ಗೌನಿಪಲ್ಲಿಯೋರ್ಗೆ.”

ಭಾರತಮ್ಮನ ಕೈ ತಟ್ಟೆಯ ಮೇಲೆ ನಿಂತಿತು. ಅವಳು ಗಂಡನ ಕಡೆ ನೋಡಿದಳು. ಚನ್ನರಾಯಪ್ಪ ಬೆನ್ನು ಮಾಡಿಕೊಂಡು ಗೋಡೆಗೆ ಚಂದ್ರಿಕೆ ಒರಗಿಸುತ್ತಿದ್ದ. ಒರಗಿಸಿ, ಅದು ಜಾರುವುದಿಲ್ಲ ಎಂದು ಖಾತ್ರಿಮಾಡಿಕೊಂಡು, ತಿರುಗದೆಯೇ ಹೇಳಿದ: “ಒಸಿ ಜೋರಾಗಿ ಹೇಳು. ಈ ಕಡೆಗೆ ಕೇಳ್ತಾ ಇಲ್ಲ.”

ಅವಳು ಜೋರಾಗಿ ಹೇಳಿದಳು. ಹೊಳೆಯ ನಡುವಿಗೆ ಬಂದಾಗ ಮುದುಕ ಚೀಲ ಬಿಚ್ಚಿ, ಗಾರೆಯ ಕರಣೆ ತೋರಿಸಿ, ಆ ಸೇತುವೆ ಕಟ್ಟಿದವರಲ್ಲಿ ತಾನೂ ಒಬ್ಬ ಎಂದು ಹೇಳಿದ್ದನ್ನು ಹೇಳಿದಳು. ದೋಣಿಯವಳು ಹುಟ್ಟು ಎತ್ತಿ ಮೊಣಕಾಲ ಮೇಲಿಟ್ಟುಕೊಂಡು, ನೀರು ಎತ್ತ ಒಯ್ಯುತ್ತದೋ ಅತ್ತ ದೋಣಿಯನ್ನು ಬಿಟ್ಟದ್ದನ್ನು ಹೇಳಿದಳು. ಮಧ್ಯೆ ಮಧ್ಯೆ ಗೌನಿಪಲ್ಲಿಯಿಂದ “ಅಯ್ಯೋ” ಎಂದೂ, “ಹಂಗೇ ಆಗ್ಬೇಕು ಅವನ್ಗೆ” ಎಂದೂ ಬರುತ್ತಿತ್ತು. ಅಜ್ಜಿ ಅದಕ್ಕೆ ಇಲ್ಲಿಂದಲೇ, ಪಾಪ ಮುದುಕ, ಅವನೇನು ಮಾಡ್ತಾನೆ, ಕೂಲಿಗೆ ಕಟ್ಟಿರ್ತಾನೆ ಎಂದು ಜವಾಬು ಕೊಡುತ್ತಿದ್ದಳು. ಹುಳುಗಳು ಒಂದೊಂದಾಗಿ ಚಂದ್ರಿಕೆಯ ಸುತ್ತುಗಳಲ್ಲಿ ಜಾಗ ಹಿಡಿಯುತ್ತಿದ್ದವು.

“ಆಮೇಲೆ?” ಎಂದರು ವೆಂಕಟರತ್ನಮ್ಮ.

ಪುಸ್ತಕ ಮುಗಿದದ್ದು ಅಲ್ಲಿಗೇ. ದೋಣಿ ನೀರಿನ ನಡುವೆಯೇ ಇತ್ತು, ಮುಂದೆ ಒಂದು ಅಕ್ಷರವೂ ಇರಲಿಲ್ಲ. ಚಂದನ ಇನ್ನೊಂದು ಹುಳುವನ್ನು ಎತ್ತಿಕೊಂಡಳು.

“ಆಮೇಲೆ ಏನಾಯ್ತು ಅಂದ್ರೆ ಅತ್ತೇ,” ಎಂದಳು, ಮುಂದಕ್ಕೆ ಹೇಳುತ್ತ ಹೋದಳು.